ನಿನ್ನೆ ಕಲಿತವರು ಬರೆಯಲಿ

ಶಾಲೆಗೆ ಕಂಪ್ಯೂಟರು ಬಂತೆಂದರೆ ನಮ್ಮ ಕಡೆ ಮೊದಲು ಆಗುವುದು ಪೂಜೆ. ಕುಂಕುಮ, ತೆಂಗಿನಕಾಯಿ, ಊರ ಹಿರಿಯರ ಜೊತೆ ಒಂದು ಫೋಟೊ. ಆಮೇಲೆ ಲೆಕ್ಕ. ಎಷ್ಟು ಬಂದವು, ಎಷ್ಟು ನಡೆಯುತ್ತಿವೆ, ಕರೆಂಟು ಹೋದರೆ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ. ಈ ಲೆಕ್ಕ ಕೇಳುವವರಿಗೆ ಕೊರತೆಯಿಲ್ಲ, ನಮೂನೆ ತುಂಬಿಸಿಕೊಳ್ಳುವವರಿಗೂ ಕೊರತೆಯಿಲ್ಲ. ಆದರೆ ಮುಂಡರಗಿ ತಾಲೂಕಿನ ಹಳ್ಳಿಯೊಂದರ ಎಂಟನೆಯ ತರಗತಿಯ ಹುಡುಗಿ ಆ ಪೆಟ್ಟಿಗೆಯ ಮುಂದೆ ಕುಳಿತು ತನ್ನ ಮೊದಲ ನಾಲ್ಕು ಸಾಲಿನ ಪ್ರೋಗ್ರಾಮು ಬರೆದಳೆನ್ನಿ. ಅದು ನಡೆಯದೆ ಕೆಂಪು ಅಕ್ಷರದ ಇಂಗ್ಲಿಷ್ ಬೈಗುಳ ಬಂತು. ಆಗ ಏನು ಮಾಡಬೇಕು ಎಂಬುದನ್ನು ಅವಳ ಮಾತಿನಲ್ಲಿ ಹೇಳುವ ಹತ್ತು ಪುಟದ ಪುಸ್ತಿಕೆ ಎಲ್ಲಿದೆ ಎಂದು ಕೇಳಿದ ಒಬ್ಬ ಅಧಿಕಾರಿಯನ್ನಾಗಲಿ, ಒಬ್ಬ ಪಾಲಕರನ್ನಾಗಲಿ ನಾನು ಇನ್ನೂ ಕಂಡಿಲ್ಲ.

ನಾನು ಬಿ.ಎ., ಬಿ.ಎಡ್. ಮಾಡಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುವವಳು. ಕನ್ನಡದ ಟೀಚರಿಗೆ ಪ್ರೋಗ್ರಾಮಿಂಗಿನ ಉಸಾಬರಿ ಯಾಕೆ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಇದು ಯಂತ್ರದ ಜಗಳವಲ್ಲ, ಬರವಣಿಗೆಯ ಜಗಳ. ಹಿಂದೆ ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಗುತ್ತಿಗೆ ಮುಗಿದು ಕಂಪ್ಯೂಟರ್ ಕಲಿಸುವ ಹುಡುಗ ಹೊರಟುಹೋದ. ಕೋಣೆಯ ಕೀಲಿಕೈ ನನ್ನ ಕೈಗೆ ಬಂತು. ನನಗೆ ಯಂತ್ರ ಗೊತ್ತಿತ್ತೆಂದಲ್ಲ, ನನ್ನ ಮೇಜಿಗೆ ಡ್ರಾವರ್ ಇತ್ತೆಂದು. ಕೀಲಿ ಇದ್ದವರ ಹತ್ತಿರ ಮಕ್ಕಳು ಬರುತ್ತಾರೆ. ಬಂದ ಮಕ್ಕಳು ಕೇಳಿದ ಪ್ರಶ್ನೆಗಳಿಂದಲೇ ನನಗೆ ಈ ವಿಷಯದ ಹುಚ್ಚು ಹತ್ತಿದ್ದು.

ಒಂದು ಉದಾಹರಣೆ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲಮನ್ ಮತ್ತು ಅವರ ಸಂಗಡಿಗರು ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ಅದರಲ್ಲಿ ಪರದೆಯ ಮೇಲೆ ಒಂದು ಆಮೆ ಇರುತ್ತದೆ. ಇಷ್ಟು ಮುಂದೆ ಹೋಗು, ಇಷ್ಟು ಬಲಕ್ಕೆ ತಿರುಗು ಎಂದರೆ ಗೆರೆ ಎಳೆಯುತ್ತ ಹೋಗುತ್ತದೆ. ಅದೇ ವಂಶದ್ದು ಟರ್ಟಲ್ ಬ್ಲಾಕ್ಸ್. ಅದರಲ್ಲಿ ಆಜ್ಞೆಗಳನ್ನು ಇಟ್ಟಿಗೆ ಜೋಡಿಸಿದಂತೆ ಜೋಡಿಸಬಹುದು. ನೂರು ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ, ಹೀಗೆ ನಾಲ್ಕು ಸಲ. ಚೌಕ ಬಂತು. ಮಕ್ಕಳಿಗೆ ಕುಣಿದಾಡುವಷ್ಟು ಸಂತೋಷ. ನಂತರ ಸಮಬಾಹು ತ್ರಿಭುಜ. ಗಣಿತದ ಪುಸ್ತಕದಲ್ಲಿ ಅದರ ಪ್ರತಿ ಕೋನ 60 ಎಂದಿದೆ. ಹುಡುಗಿ 60 ಕೊಟ್ಟಳು, ಮೂರು ಸಲ ಎಂದಳು. ಆಮೆ ಅರ್ಧ ಷಟ್ಕೋನ ಎಳೆದು ಬಾಯಿ ತೆರೆದುಕೊಂಡು ನಿಂತಿತು. "ಅಕ್ಕೋರ, ಪುಸ್ತಕದಾಗ ಅರವತ್ತ ಅಂತ ಐತ್ರಿ. ಇದು ಯಾಕ ಕೂಡವಲ್ದು?"

ಶಿರಹಟ್ಟಿಯ ಕಡೆಯ ಗಣಿತದ ಶಿಕ್ಷಕರೊಬ್ಬರಿಗೆ ಫೋನು ಮಾಡಿ ಕೇಳಿದೆ. "ಹೊರಕೋನ ಕೊಡಬೇಕು ಟೀಚರ್, 120. ಅಷ್ಟೂ ಗೊತ್ತಾಗಬೇಕಲ್ಲ" ಎಂದರು. ಗೊತ್ತಿದ್ದವರಿಗೆ ಅಷ್ಟೇ. ಆದರೆ ಅದೇ ಹುಡುಗಿ ಮರುದಿನ ತನ್ನ ನೋಟುಬುಕ್ಕಿನಲ್ಲಿ ಹೀಗೆ ಬರೆದುಕೊಂಡಿದ್ದಳು: ಆಮೆ ಒಳಗಿನ ಕೋನ ನೋಡುವುದಿಲ್ಲ, ತಾನು ಎಷ್ಟು ತಿರುಗಬೇಕು ಅದನ್ನು ನೋಡುತ್ತದೆ. ಪೂರ್ತಿ ಸುತ್ತಿ ಬಂದರೆ 360. ಮೂರು ಸಲ ತಿರುಗಬೇಕು. ಅದಕ್ಕೆ 120. ಐದು ಮೂಲೆಯಾದರೆ 72.

ನಾನು ಹೇಳುವ ಕೈಪಿಡಿ ಎಂದರೆ ಇದು. ಇಂಥ ನಾಲ್ಕು ಸಾಲುಗಳು, ನೂರು ಜನರಿಂದ, ಒಂದು ಕಡೆ ಕೂಡಿಸಿದ್ದು. ತಜ್ಞರು ಬರೆದ ಪುಸ್ತಕದಲ್ಲಿ ಈ ಸಾಲು ಸಿಗುವುದು ಅಪರೂಪ, ಏಕೆಂದರೆ ತಜ್ಞ ಇಲ್ಲಿ ಎಡವುವುದಿಲ್ಲ. ಎಂದೋ ಎಡವಿದ್ದನ್ನು ಅವನು ಮರೆತಿದ್ದಾನೆ. ಜೋಳದ ರೊಟ್ಟಿ ಬಡಿಯುವುದನ್ನು ನೋಡಿ. ನಲವತ್ತು ವರ್ಷ ರೊಟ್ಟಿ ಬಡಿದ ಅತ್ತೆಯನ್ನು ಕೇಳಿದರೆ "ಬಿಸಿನೀರು ಹಾಕಿ ನಾದು, ಬಡಿ" ಎನ್ನುತ್ತಾಳೆ. ಹಿಟ್ಟು ಹಳೆಯದಾದರೆ ಜಿಗಿ ಹೋಗಿರುತ್ತದೆ, ಅಂಚು ಸೀಳುತ್ತದೆ, ಆಗ ನೀರು ಬರೀ ಬಿಸಿಯಾದರೆ ಸಾಲದು, ಕುದಿಯುವ ಎಸರೇ ಬೇಕು ಎಂದು ಬಿಡಿಸಿ ಹೇಳುವವಳು ಕಳೆದ ವರ್ಷ ಮದುವೆಯಾಗಿ ಬಂದು ಒಂದು ತಿಂಗಳು ಹರಿದ ರೊಟ್ಟಿ ತಿಂದ ಸೊಸೆ. ಅತ್ತೆಯ ಕೈಗೆ ಗೊತ್ತು, ಸೊಸೆಯ ಬಾಯಿಗೆ ಗೊತ್ತು. ಬರೆಯಬೇಕಾದವಳು ಸೊಸೆ.

ಇದನ್ನು ಹೇಳಿದಾಗ ಬರುವ ಮೊದಲ ತಕರಾರು ತಾತ್ಸಾರದ್ದು. ಎಂಜಿನಿಯರಿಂಗ್ ಓದಿದವರೊಬ್ಬರು ನನ್ನೆದುರೇ ನಕ್ಕರು: "ಇಷ್ಟು ಸಣ್ಣ ಸಣ್ಣ ವಿಷಯ ಯಾರಾದರೂ ಬರೀತಾರೇನ್ರೀ?" ಬರೆಯುತ್ತಾರೆ ಸ್ವಾಮಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನೆಂಬ ಕವಿ ಲೋಕೋಪಕಾರ ಎಂಬ ಗ್ರಂಥ ಬರೆದ. ನೆಲದಲ್ಲಿ ನೀರು ಎಲ್ಲಿದೆ ಎಂದು ಗುರುತಿಸುವುದು, ಗಿಡಗಳ ಆರೈಕೆ, ಅಡುಗೆ, ದನಕರುಗಳ ರೋಗಕ್ಕೆ ಮದ್ದು, ಎಲ್ಲ ಅದರಲ್ಲಿದೆ. ಆಸ್ಥಾನದ ಕವಿಗೆ ನಾಚಿಕೆಯಾಗದ ಕೆಲಸ ನಮ್ಮ ಪದವೀಧರರಿಗೆ ನಾಚಿಕೆಯಾಗುತ್ತದೆ.

ಎರಡನೆಯ ತಕರಾರು ಇಂಗ್ಲಿಷಿನದು. ಪ್ರೋಗ್ರಾಮಿಂಗ್ ಹೇಗೂ ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಬರೆದು ಮಕ್ಕಳನ್ನು ಹಿಂದೆ ಹಾಕಬೇಡಿ ಎನ್ನುತ್ತಾರೆ. ಹಾಗೆನ್ನುವವರ ಮಕ್ಕಳು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಓದುತ್ತಿರುತ್ತಾರೆ, ಅದಿರಲಿ. ಪ್ರಿಂಟ್, ಇಫ್, ಫಾರ್ ಎಂಬ ಮೂವತ್ತೈದು ನಲವತ್ತು ಇಂಗ್ಲಿಷ್ ಪದ ಕಲಿಯುವುದು ನಮ್ಮ ಹುಡುಗಿಗೆ ಕಷ್ಟವಲ್ಲ. ಬಸ್ಸು, ಟಿಕೆಟ್ಟು, ಆಸ್ಪತ್ರೆಯ ಚೀಟಿ ಎಲ್ಲವನ್ನೂ ಕಲಿತಿದ್ದಾಳೆ. ಕಷ್ಟವಾಗುವುದು ಆ ಪದಗಳ ಸುತ್ತಲಿನ ವಿವರಣೆ. ತಪ್ಪಾದಾಗ ಯಾಕೆ ತಪ್ಪಾಯಿತು ಎಂಬ ಮಾತು. ಅದು ತಾಯಿನುಡಿಯಲ್ಲಿ ಬೇಕು. ಡಾ. ಯು.ಬಿ. ಪವನಜ ಅವರು ಲೋಗೋವನ್ನೇ ಕನ್ನಡಕ್ಕೆ ತಂದು ಆಜ್ಞೆಗಳನ್ನೂ ಕನ್ನಡದಲ್ಲಿ ಕೊಡಬಹುದೆಂದು ತೋರಿಸಿದರು. ಅದಕ್ಕೆ 2006ರಲ್ಲಿ ಮಂಥನ ಪ್ರಶಸ್ತಿಯೂ ಬಂತು. ಆಗದು ಎನ್ನುವ ಮಾತು ಅಂದಿಗೇ ಸುಳ್ಳಾಯಿತು.

ಕನ್ನಡದಲ್ಲಿ ಏನೇನೂ ಇಲ್ಲವೆಂದು ನಾನು ಅನ್ನುವುದಿಲ್ಲ. ಐಐಟಿ ಮುಂಬಯಿಯ ಪ್ರೊ. ಕಣ್ಣನ್ ಮೌದ್ಗಲ್ಯ ಅವರ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಹತ್ತು ಹತ್ತು ನಿಮಿಷದ ಪಾಠಗಳಿವೆ, ಕನ್ನಡದ ಧ್ವನಿಯಲ್ಲೂ ಎಷ್ಟೋ ಬಂದಿವೆ. ಆ ಯೋಜನೆಯ ಒಂದು ನಿಯಮ ನನಗೆ ಬಹಳ ಮೆಚ್ಚುಗೆ. ಪಾಠದ ಬರಹ ಸಿದ್ಧವಾದ ಮೇಲೆ ಆ ವಿಷಯವೇ ಗೊತ್ತಿಲ್ಲದ ಹೊಸಬರೊಬ್ಬರು ಅದನ್ನು ಓದಿ ಮಾಡಿನೋಡಬೇಕು, ಅವರಿಗೆ ತಿಳಿದರೆ ಮಾತ್ರ ಮುಂದಕ್ಕೆ. ನಮ್ಮ ಪಠ್ಯಪುಸ್ತಕಗಳಿಗೂ ಇಂಥದೊಂದು ಕಾನೂನು ಬೇಕಿತ್ತು! ನಮ್ಮ ರಾಜ್ಯದಲ್ಲಿ 2013ರಿಂದ ಡಿಎಸ್ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಭಂಡಾರವೂ ಇದೆ. ಉಬುಂಟು, ಜಿಯೋಜಿಬ್ರಾ ಬಳಸುವ ಬಗೆ ಅದರಲ್ಲಿ ಕನ್ನಡದಲ್ಲಿದೆ. ಶಿಕ್ಷಕರೇ ಬರೆದು ತುಂಬಬಹುದಾದ ಉಗ್ರಾಣ ಅದು. ನಮ್ಮ ಸ್ಟಾಫ್ ರೂಮಿನಲ್ಲಿ ಅದರಿಂದ ಅಚ್ಚು ತೆಗೆದುಕೊಂಡವರನ್ನು ನಾನು ಕಂಡಿದ್ದೇನೆ. ಅದಕ್ಕೆ ಒಂದು ಪುಟ ಕೊಟ್ಟವರನ್ನು ಕೇಳಿದರೆ ಎಲ್ಲರೂ ಹಾಜರಿ ಪುಸ್ತಕ ನೋಡತೊಡಗುತ್ತಾರೆ. ನನ್ನ ಸಿಟ್ಟು ಸರಕಾರದ ಮೇಲಿಗಿಂತ ನನ್ನ ಜಾತಿಯ ಮೇಲೆ ಹೆಚ್ಚು. ಶಿಕ್ಷಕರ ಜಾತಿಯ ಮೇಲೆ.

ಇಂಗ್ಲಿಷಿನಲ್ಲಿ ಎಲ್ಲ ಇದೆ ಎನ್ನುವವರಿಗೆ ಇನ್ನೊಂದು ಪ್ರಶ್ನೆ ಇಡುತ್ತೇನೆ. ಪೈಥಾನ್ ಎಂಬ ಭಾಷೆಯಲ್ಲಿ ಒಂದು ಪದದ ಉದ್ದ ಎಷ್ಟೆಂದು ಕೇಳುವ ಆಜ್ಞೆ ಇದೆ. ಗದಗ ಎಂದು ಕೊಟ್ಟರೆ ಮೂರು ಎನ್ನುತ್ತದೆ. ಸರಿ. ಬೆಟಗೇರಿ ಎಂದು ಕೊಟ್ಟರೆ ಏಳು ಎನ್ನುತ್ತದೆ! ಒಂದನೆಯ ತರಗತಿಯ ಕೂಸು ಕೂಡ ಬೆರಳು ಮಡಚಿ ನಾಲ್ಕು ಅಕ್ಷರ ಎನ್ನುವ ಊರು. ಲಕ್ಷ್ಮೇಶ್ವರವೂ ನಮಗೆ ನಾಲ್ಕೇ, ಯಂತ್ರಕ್ಕೆ ಹನ್ನೊಂದು. ಯಂತ್ರ ಕೆಟ್ಟಿದೆಯೆಂದು ಮಕ್ಕಳು ತಿಳಿಯುತ್ತಾರೆ. ಕೆಟ್ಟಿಲ್ಲ. ಗುಣಿತದ ಚಿಹ್ನೆಯನ್ನು, ಒತ್ತಕ್ಷರ ಮಾಡುವ ಅರ್ಧಾಕ್ಷರದ ಚಿಹ್ನೆಯನ್ನು ಅದು ಬೇರೆ ಬೇರೆಯಾಗಿ ಎಣಿಸುತ್ತದೆ. 'ಬೆ' ಅದಕ್ಕೆ ಎರಡು, 'ಕ್ಷ' ಮೂರು. ಕನ್ನಡ ವ್ಯಾಕರಣ ಕಲಿಸುವ ನನಗೆ ಇದನ್ನು ತಿಳಿದ ದಿನ ಬಹಳ ಖುಷಿಯಾಯಿತು. ವರ್ಣ ಬೇರೆ ಅಕ್ಷರ ಬೇರೆ ಎಂದು ಇಷ್ಟು ವರ್ಷ ಬಾಯಿ ನೋಯಿಸಿಕೊಂಡು ಹೇಳಿದ್ದಕ್ಕೆ ಹತ್ತಿರದ್ದೊಂದನ್ನು ಯಂತ್ರ ಒಂದೇ ಸಾಲಿನಲ್ಲಿ ತೋರಿಸಿತು. ಈಗ ಹೇಳಿ, ಇಂಗ್ಲಿಷಿನಲ್ಲಿ ಹೊಸಬರಿಗೆಂದು ಬರೆದ ಯಾವ ಪುಸ್ತಕ ಬೆಟಗೇರಿಯ ಹುಡುಗನಿಗೆ ಇದನ್ನು ಹೇಳಬೇಕು? ಅವರ ಮಕ್ಕಳಿಗೆ ಈ ತೊಡಕೇ ಬರುವುದಿಲ್ಲ.

ನುಡಿಯ ತೊಡಕೂ ಹಾಗೆಯೇ. ನಮ್ಮ ಕಚೇರಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಮಕ್ಕಳ ಹೆಸರಿನ ಪಟ್ಟಿ ಇರುತ್ತದೆ. ಅದನ್ನು ಪ್ರೋಗ್ರಾಮಿಗೆ ಅಂಟಿಸಿದರೆ ಹೆಸರುಗಳ ಜಾಗದಲ್ಲಿ ಹುಳ ಹರಿದಾಡಿದಂತೆ ಚಿಹ್ನೆಗಳು ಕಾಣುತ್ತವೆ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು. ಪತ್ರ ಬರೆಯುವ ತಂತ್ರಾಂಶದಿಂದ ನಕಲು ಮಾಡಿದರೆ ಉದ್ಧರಣ ಚಿಹ್ನೆ ಬಾಗಿರುತ್ತದೆ, ಪೈಥಾನ್ ನೆಟ್ಟಗಿನದನ್ನಷ್ಟೇ ಒಪ್ಪುತ್ತದೆ. ನೋಟ್‌ಪ್ಯಾಡಿನಲ್ಲಿ ಉಳಿಸಿದ ಕಡತಕ್ಕೆ ನಮಗೆ ಕಾಣದಂತೆ ಬಾಲಕ್ಕೊಂದು ಟಿಎಕ್ಸ್‌ಟಿ ಸೇರಿಕೊಂಡಿರುತ್ತದೆ. ಇವೊಂದೂ ಪಾಂಡಿತ್ಯದ ವಿಷಯವಲ್ಲ. ಆದರೆ ಇವುಗಳಲ್ಲಿ ಒಂದೊಂದರ ಮುಂದೆಯೂ ಒಂದೊಂದು ಮಗು "ಇದು ನನ್ನಿಂದ ಆಗೋದಲ್ಲ" ಎಂದು ಎದ್ದುಹೋಗಿರುತ್ತದೆ. ಹಾಗೆ ಎದ್ದುಹೋಗುವವರಲ್ಲಿ ಹೆಣ್ಣುಮಕ್ಕಳು ಹೆಚ್ಚು ಎಂಬುದನ್ನು ನನ್ನ ಕಣ್ಣೇ ಕಂಡಿದೆ. ಗಂಡು ಹುಡುಗ ಸಂಜೆ ಅಂಗಡಿಗೆ ಹೋಗಿ ಯಾರನ್ನಾದರೂ ಕೇಳುತ್ತಾನೆ. ಹುಡುಗಿ ಐದರ ಬಸ್ಸು ಹಿಡಿಯಬೇಕು.

ಇನ್ನು ಕನ್ನಡದ ಪಂಡಿತರ ಸರದಿ. ಕನ್ನಡದಲ್ಲಿ ಬರೆಯೋಣ ಎಂದೊಡನೆ ಕೆಲವರು ಪದಕೋಶ ತೆಗೆಯುತ್ತಾರೆ. ಕೀಲಿಮಣೆ, ಕಡತಕೋಶ, ದೋಷನಿವಾರಣಾ ಪ್ರಕ್ರಿಯೆ. ಲಕ್ಷ್ಮೇಶ್ವರದ ನೆಲದಲ್ಲಿ ನಿಂತು ಹೇಳುತ್ತೇನೆ: ಇದು ಹಳೆಯ ಪುಲಿಗೆರೆ. ಪಂಪ 941ರ ತನ್ನ ಕಾವ್ಯದ ಭಾಷೆಯನ್ನು ಪುಲಿಗೆರೆಯ ತಿರುಳ್ಗನ್ನಡ ಎಂದು ಕರೆದುಕೊಂಡ. ತಿರುಳು ಎಂದರೆ ಜನ ಆಡುವ ಮಾತಿನ ಸಾರ. ಇಂದು ಲಕ್ಷ್ಮೇಶ್ವರದ ಹುಡುಗ ಕೀಬೋರ್ಡು, ಫೈಲು, ಎರರ್ ಎನ್ನುತ್ತಾನೆ. ಅವನ ವಾಕ್ಯ ಕನ್ನಡದ್ದು, ಕ್ರಿಯಾಪದ ಕನ್ನಡದ್ದು. "ಎರರ್ ಬಂದರ ಕೊನೇ ಸಾಲು ಮೊದಲ ಓದ್ರಿ" ಎಂದು ಅವನು ಬರೆದರೆ ಹಾಗೆಯೇ ಅಚ್ಚಾಗಲಿ. ತಿದ್ದುವ ಚಟವಿರುವ ನಾನೇ ಹೇಳುತ್ತಿದ್ದೇನೆ.

ಈಚೆಗೆ ಮತ್ತೊಂದು ಮಾತು ಬಂದಿದೆ. ಕೃತಕ ಬುದ್ಧಿಮತ್ತೆಯನ್ನು ಕೇಳಿದರಾಯಿತು, ಕನ್ನಡದಲ್ಲೇ ಉತ್ತರಿಸುತ್ತದೆ, ಕೈಪಿಡಿ ಯಾಕೆ? ಕೇಳಲಿ, ಬೇಡವೆನ್ನುವುದಿಲ್ಲ. ಆದರೆ ಆ ಯಂತ್ರವೂ ಯಾರೋ ಬರೆದದ್ದನ್ನು ಓದಿಯೇ ಕಲಿತದ್ದು. ಹಳೆಯ ನುಡಿ ಫಾಂಟಿನ ತಾಪತ್ರಯವನ್ನು, ಆಮೆಯ 120 ಡಿಗ್ರಿಯನ್ನು ನಮ್ಮ ಮಾತಿನಲ್ಲಿ ನಾವು ಬರೆದಿಡದಿದ್ದರೆ ಅದು ಎಲ್ಲಿಂದ ತಂದು ಹೇಳಬೇಕು? ಅದು ಹೇಳಿದ್ದು ತಪ್ಪೋ ಸರಿಯೋ ಎಂದು ಹೊಸ ಹುಡುಗಿ ಯಾವುದಕ್ಕೆ ಹೋಲಿಸಿ ನೋಡಬೇಕು?

ಕೂಡಿಸುವುದು ಹೇಗೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಕರ್ನಾಟಕದ ಸಹಕಾರಿ ಚಳವಳಿಯ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ ಎಂದು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಸಹಕಾರಿ ಸಂಘದಲ್ಲಿ ಸಣ್ಣ ರೈತನ ಸಣ್ಣ ಪಾಲಿಗೂ ಲೆಕ್ಕವಿರುತ್ತದೆ, ಅದು ಪುಸ್ತಕದಲ್ಲಿ ಬರೆದಿರುತ್ತದೆ. ನಮ್ಮ ಕೈಪಿಡಿಗೂ ಖಾತೆ ಪುಸ್ತಕದ ಶಿಸ್ತೇ ಬೇಕು. ಯಾವ ಶಾಲೆಯಿಂದ ಬಂತು, ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ ಮಾಡಿನೋಡಿದ್ದು, ಯಾವ ತಾರೀಖು. ಬರೆದವರಲ್ಲದ ಇನ್ನೊಬ್ಬ ಹೊಸಬರು ಅದನ್ನು ಓದಿಕೊಂಡು ಮಾಡಿ ಸಹಿ ಹಾಕಬೇಕು. ಆವೃತ್ತಿ ಬದಲಾಗಿ ಸುಳಿವು ಹಳತಾದರೆ ಹೊಡೆದುಹಾಕಬೇಕು. ಮೊಬೈಲಿನಲ್ಲಿ ಬೆಳಗಿನ ಶುಭೋದಯದ ಹೂವಿನ ಕೆಳಗೆ ಹೂತುಹೋಗುವ ಸಂದೇಶಕ್ಕೆ ಈ ಆಯುಷ್ಯವಿಲ್ಲ.

ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಇವುಗಳ ನಡುವೆ ನಮಗೆ ಸಮಯವೆಲ್ಲಿ ಎನ್ನುತ್ತಾರೆ ಸಹೋದ್ಯೋಗಿಗಳು. ಆ ದೂರು ನಿಜ, ನಾನೂ ಅದರಲ್ಲಿ ಪಾಲುದಾರಳು. ಆದರೆ ಬರೆಯುವವರು ನಾವೇ ಆಗಬೇಕಿಲ್ಲವಲ್ಲ. ನಮ್ಮ ಹುಡುಗಿಯರ ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ಆಗಲೇ ಬರೆದಾಗಿದೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ನಾಲ್ಕೂ ಕಡೆಯ ಗಣಿತ ಶಿಕ್ಷಕರಿಗೆ ನಾನು ಕೇಳಿರುವುದು ಇಷ್ಟೇ: ವರ್ಷದ ಕೊನೆಗೆ ಆ ನೋಟುಬುಕ್ಕುಗಳು ರದ್ದಿ ಅಂಗಡಿ ಸೇರುವ ಮೊದಲು ಹಿಂದಿನ ಪುಟ ತಿರುವಿ ನೋಡಿ, ಶಾಲೆಗೆ ಹತ್ತರಂತೆ ಆರಿಸಿ ಕಳಿಸಿ. ಗದಗಿನಲ್ಲಿ ಮುದ್ರಣಾಲಯಗಳಿಗೆ ಬರವಿಲ್ಲ, ನಲವತ್ತು ಪುಟದ ಪುಸ್ತಿಕೆಯ ಖರ್ಚು ಒಂದು ಬೀಳ್ಕೊಡುಗೆ ಸಮಾರಂಭದ ಶಾಲು ಹಾರದಲ್ಲಿ ಮುಗಿಯುತ್ತದೆ. ಇದುವರೆಗೆ ಉತ್ತರ ಬಂದದ್ದು ಮೂವರಿಂದ. ಒಬ್ಬರು ಇಲಾಖೆಯ ಆದೇಶ ಇದೆಯೇ ಎಂದು ಕೇಳಿದ್ದಾರೆ. ಉಳಿದ ಇಬ್ಬರು ಹನ್ನೆರಡು ಸುಳಿವು ಕಳಿಸಿದ್ದಾರೆ, ಅದರಲ್ಲಿ ಏಳು ಮಕ್ಕಳ ಕೈಬರಹದಲ್ಲಿಯೇ ಇವೆ.