ಹೆಸರಿನೊಳಗೇ ಕೂಗು

ಕುದುರೆ ಕೆನೆಯುತ್ತದೆ. ನಾಯಿ ಬೊಗಳುತ್ತದೆ. ಆನೆ ಘೀಳಿಡುತ್ತದೆ, ನರಿ ಊಳಿಡುತ್ತದೆ. ಹಾಗಾದರೆ ಮಕ್ಕಳೇ, ಜೀಬ್ರಾ ಏನು ಮಾಡುತ್ತದೆ? ಅದಕ್ಕೆಂದೇ ಒಂದು ಮಾತು ನಮ್ಮ ಕನ್ನಡದಲ್ಲಿ ಇಲ್ಲ. ಅದು ನಮ್ಮ ಕಾಡಿನ ಪ್ರಾಣಿಯಲ್ಲವಲ್ಲ! ಮೈಸೂರಿನ ಮೃಗಾಲಯದಲ್ಲಿ ನೋಡಿದವರೂ ಅದು ಸುಮ್ಮನೆ ಮೇಯುತ್ತಾ ನಿಂತದ್ದನ್ನೇ ನೋಡಿರುತ್ತೀರಿ.

ಆಫ್ರಿಕದ ಹುಲ್ಲುಗಾವಲಿನಲ್ಲಿ ಹೆಚ್ಚಾಗಿ ಕಾಣುವುದು ಬಯಲು ಜೀಬ್ರಾ. ನೋಡಲು ಕುದುರೆಯಂತಿದ್ದರೂ ಅದರ ಕೂಗು ಹೆಚ್ಚುಕಡಿಮೆ ನಾಯಿಯ ಬೊಗಳುವಿಕೆ: ‘ಕ್ವಾ-ಹಾ, ಕ್ವಾ-ಹಾ, ಹಾ, ಹಾ!’ ಗುಂಪಿನಿಂದ ದೂರವಾದವರನ್ನು ‘ನಾನಿಲ್ಲಿದ್ದೇನೆ, ನೀನೆಲ್ಲಿ?’ ಎಂದು ಕೇಳುವುದು ಹೀಗೆ. ಸಿಂಹ ಅಡಗಿರಬಹುದಾದ ಪೊದೆಯ ಕಡೆ ಹೋಗುವಾಗ ಮೂಗಿನಿಂದ ಜೋರಾಗಿ ಬುಸುಗುಟ್ಟುತ್ತದೆ. ನೆಮ್ಮದಿಯಾಗಿದ್ದಾಗ ಮೆಲ್ಲಗೆ, ಉದ್ದಕ್ಕೆ ಉಸಿರು ಬಿಡುತ್ತದೆ, ಊಟವಾದ ಮೇಲೆ ಆರಾಮ ಕುರ್ಚಿಯಲ್ಲಿ ಕೂತ ತಾತನ ಹಾಗೆ. ಅದರ ಎಚ್ಚರಿಕೆಯ ಕೂಗು ಕೇಳಿದರೆ ಪಕ್ಕದಲ್ಲಿ ಮೇಯುವ ಇಂಪಾಲಾ, ವೈಲ್ಡ್‌ಬೀಸ್ಟ್‌ಗಳೂ ತಲೆ ಎತ್ತುತ್ತವೆ. ಭಾಷೆ ಬೇರೆಯಾದರೂ ಸಿಂಹ ಎಲ್ಲರಿಗೂ ಒಂದೇ ತಾನೆ!

ಇಥಿಯೋಪಿಯ, ಕೀನ್ಯಾಗಳ ಗ್ರೇವಿ ಜೀಬ್ರಾ (ಊಟದ ಗ್ರೇವಿಯಲ್ಲ, ಫ್ರಾನ್ಸಿನ ಅಧ್ಯಕ್ಷರೊಬ್ಬರ ಹೆಸರು) ಕತ್ತೆಯಂತೆ ಅರಚುತ್ತದೆ. ಅದರ ಗಂಡು ಚದರ ಕಿಲೋಮೀಟರುಗಟ್ಟಲೆ ಜಾಗ ತನ್ನದೆಂದು ಕಾಯುತ್ತದೆ. ಅಷ್ಟು ದೊಡ್ಡ ಜಮೀನಿದ್ದರೆ ಮೆಲ್ಲಗೆ ಮಾತಾಡಿ ಪ್ರಯೋಜನವಿಲ್ಲ.

ಬಾಯಿ ಮುಚ್ಚಿಕೊಂಡೂ ಜೀಬ್ರಾ ಮಾತಾಡುತ್ತದೆ. ಕಿವಿ ನೆಟ್ಟಗಾದರೆ ‘ಏನೋ ಸದ್ದು’ ಎಂದರ್ಥ. ಹಿಂದಕ್ಕೆ ಮಡಚಿ ಹಲ್ಲು ತೋರಿಸಿದರೆ ‘ಹತ್ತಿರ ಬಂದೀಯ, ಜೋಕೆ!’ ಮರಿ ಹುಟ್ಟಿದ ಮೊದಲ ಕೆಲವು ದಿನ ತಾಯಿ ಬೇರೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಅಷ್ಟರಲ್ಲಿ ಮರಿ ಅಮ್ಮನ ಪಟ್ಟೆ, ವಾಸನೆ, ದನಿ ಮೂರನ್ನೂ ಕಲಿಯಬೇಕು. ಒಂದರ ಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಸಹಿ ತಾಳೆ ನೋಡಿದ ನನಗೆ ಇದು ಬಲು ಇಷ್ಟ. ಇಲ್ಲಿ ಸಹಿಯ ಜೊತೆಗೆ ದನಿಯನ್ನೂ ತಾಳೆ ನೋಡುತ್ತಾರೆ!

ಇನ್ನು ಕ್ವಾಗಾದ ಕಥೆ. ದಕ್ಷಿಣ ಆಫ್ರಿಕದಲ್ಲಿದ್ದ ಈ ಜೀಬ್ರಾಕ್ಕೆ ತಲೆ, ಕತ್ತು, ಎದೆಯ ಕಡೆ ಮಾತ್ರ ಪಟ್ಟೆ, ಹಿಂದೆಲ್ಲ ಬರೀ ಕಂದು. ಕಾಗೆಯ ಹೆಸರಿನಲ್ಲಿ ‘ಕಾ ಕಾ’ ಇರುವ ಹಾಗೆ, ಅಲ್ಲಿನ ಖೋಯ್ ಜನ ಅದರ ಕೂಗನ್ನೇ ಹೆಸರಾಗಿ ಇಟ್ಟಿದ್ದರು. ಯೂರೋಪಿನಿಂದ ಬಂದು ನೆಲೆಸಿದವರು ಮಾಂಸಕ್ಕೆ, ಚರ್ಮಕ್ಕೆ, ತಮ್ಮ ದನಕುರಿಗಳಿಗೆ ಹುಲ್ಲು ಉಳಿಯಲಿ ಎಂದು ಅವನ್ನು ಬೇಟೆಯಾಡುತ್ತಲೇ ಹೋದರು. ಕೊನೆಯದು ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಹದಿನಾರು ವರ್ಷ ಇದ್ದು 1883ರ ಆಗಸ್ಟ್ 12ರಂದು ಸತ್ತಿತು. ಅದೇ ಕೊನೆಯದೆಂದು ಆಗ ಯಾರಿಗೂ ಹೊಳೆಯಲಿಲ್ಲ. ಮೃಗಾಲಯದವರು ‘ಇನ್ನೊಂದು ಕಳಿಸಿ’ ಎಂದು ಕೇಳಿಕೊಂಡರಂತೆ! ಸ್ಥಳೀಯರು ಎಲ್ಲ ಜೀಬ್ರಾಗಳನ್ನೂ ಕ್ವಾಗಾ ಎಂದೇ ಕರೆಯುತ್ತಿದ್ದರು. ಹಾಗಾಗಿ ಒಳನಾಡಿನಲ್ಲಿ ಇನ್ನೂ ಇವೆ ಎಂದೇ ಜನ ನಂಬಿದ್ದರು. ಕೂಗನ್ನು ಉಳಿಸಿಕೊಂಡ ಹೆಸರೇ ಸಾವನ್ನು ಮುಚ್ಚಿಟ್ಟಿತ್ತು. ನನಗೆ ಬಹಳ ಬೇಸರ ತರಿಸುವ ಸಂಗತಿ ಇದು.

ಜೀವಂತ ಕ್ವಾಗಾದ ಫೋಟೋ ಇರುವುದು ಒಂದರದೇ, ಲಂಡನ್ ಮೃಗಾಲಯದ ಹೆಣ್ಣಿನದು. 1984ರಲ್ಲಿ ವಿಜ್ಞಾನಿಗಳು ಮ್ಯೂಸಿಯಂನಲ್ಲಿದ್ದ ಹಳೆಯ ಚರ್ಮದಿಂದ ಡಿಎನ್‌ಎ ತೆಗೆದರು. ಅಳಿದ ಪ್ರಾಣಿಯೊಂದರ ಡಿಎನ್‌ಎ ಸಿಕ್ಕಿದ್ದು ಅದೇ ಮೊದಲು. ಕ್ವಾಗಾ ಬಯಲು ಜೀಬ್ರಾದ್ದೇ ಒಂದು ಬಗೆ ಎಂದು ಮುಂದೆ ತಿಳಿಯಿತು. ಅದರ ದನಿ ಕೇಳಬೇಕಾದರೆ ನಮಗಿರುವುದು ಆ ಹೆಸರು ಮಾತ್ರ. ಅಜ್ಜಿ-ತಾತಂದಿರೇ, ಸಂಜೆ ಮೊಮ್ಮಕ್ಕಳ ಜೊತೆ ಕೂತು, ಗಂಟಲಿನಿಂದ ‘ಖ’ ಎಳೆದು, ಒಮ್ಮೆ ಗಟ್ಟಿಯಾಗಿ ಕೂಗಿ ನೋಡಿ: ‘ಕ್ವಾ-ಖಾ! ಕ್ವಾ-ಖಾ!’