ನಲವತ್ತಾರಕ್ಕೆ ಸತ್ತರೆ ಅದೆಂಥ ಸಹಜ?

ಕಾರಟಗಿ ಸುತ್ತಲ ಹಳ್ಳಿಗಳಲ್ಲಿ ಗ್ರಾಮ ಲೆಕ್ಕಿಗನಾಗಿದ್ದ ನನಗೆ ಪಹಣಿ, ಕಂದಾಯದ ಜೊತೆ ಹುಟ್ಟು–ಸಾವು ಬರೆದುಕೊಳ್ಳುವ ಕೆಲಸವೂ ಇತ್ತು. ಮರಣದ ವರದಿಯಲ್ಲಿ ‘ಸಾವಿನ ಕಾರಣ’ ಎಂಬುದೊಂದು ಕಾಲಂ. ಕೇಳಿದರೆ ಮನೆಯವರದು ಒಂದೇ ಮಾತು: ‘ಸಹಜ ಅಂತ ಬರ್ಕೊಳ್ರಿ.’ ಬರೆದುಕೊಳ್ಳುತ್ತಿದ್ದೆ.

ಒಮ್ಮೆ ರೈಸ್‌ಮಿಲ್ಲಿನ ಹಮಾಲನೊಬ್ಬನ ಸಾವು ಬಂತು. ವಯಸ್ಸು 46. ‘ಚೀಲ ಇಳಿಸಿ ಬಂದು ಎದಿ ಉರಿಯಾಕತ್ತೈತಿ ಅಂದ್ರಿ. ಸೋಡಾ ಕುಡುದು ಗ್ವಾಡಿಗೆ ಒರಗಿದಾಂವ ಮ್ಯಾಲೇಳಲಿಲ್ಲ’ ಎಂದ ಅವನ ತಮ್ಮ. ಅಂದೂ ನನ್ನ ಕೈ ‘ಸಹಜ’ ಎಂದೇ ಬರೆಯಿತು. ಆ ತಪ್ಪು ನಿವೃತ್ತಿಯಾದ ಮೇಲೂ ಚುಚ್ಚುತ್ತದೆ.

ನಿಜಾಮರ ಕಾಲ ಕಂಡ ನಮ್ಮಜ್ಜಿಯ ಬಾಯಲ್ಲಿ ಸಾವಿಗೆ ಹೆಸರುಗಳಿದ್ದವು: ಕಾಲರಾ, ಪ್ಲೇಗು, ಸಿಡುಬು. ಓಣಿಗೆ ಓಣಿಯೇ ಮಲಗುತ್ತಿತ್ತು. ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಹೆಸರು ಗೊತ್ತಿದ್ದುದರಿಂದಲೇ ಮನೆಮನೆಗೆ ಲಸಿಕೆ ಹಾಕುವವರು ಬಂದರು. 1977ರಲ್ಲಿ ದೇಶ ಸಿಡುಬಿನಿಂದ ಮುಕ್ತವೆಂದು ಘೋಷಣೆಯಾಯಿತು.

ಈಗಿನ ಸಾವು ಒಂದೊಂದೇ ಮನೆ ಹುಡುಕಿಕೊಂಡು ಬರುತ್ತದೆ. ಇಲ್ಲಿ ಹೃದಯ, ಅಲ್ಲಿ ಲಕ್ವಾ, ಆಚೆ ಮನೆಯಲ್ಲಿ ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತಿತರ ಸಂಸ್ಥೆಗಳ ಅಧ್ಯಯನದಂತೆ 1990ರಲ್ಲಿ ದೇಶದ ಸಾವುಗಳಲ್ಲಿ ಇಂಥ ಅಂಟದ ಕಾಯಿಲೆಗಳ ಪಾಲು ಸುಮಾರು ಶೇ 38. 2016ರ ಹೊತ್ತಿಗೆ ಶೇ 62. ಓಣಿ ಬೆಚ್ಚುವುದಿಲ್ಲ, ಯಾರೂ ಊರು ಬಿಡುವುದಿಲ್ಲ. ‘ಹಣೆಬರಹ’ ಎಂದು ಮಣ್ಣು ಮಾಡಿ ಬರುತ್ತೇವೆ. ತುಂಗಭದ್ರೆಯ ಕಾಲುವೆ ನೀರು ಎಷ್ಟು ಗದ್ದೆಗೆ ಹರಿಯಿತೆಂಬ ಲೆಕ್ಕ ನಮ್ಮಲ್ಲಿದೆ. ಆ ಗದ್ದೆಯಲ್ಲಿ ದುಡಿದವರು ಯಾತರಿಂದ ಸತ್ತರೆಂಬ ಲೆಕ್ಕ ಮಾತ್ರ ‘ಸಹಜ’ ಎಂಬ ಮೂರಕ್ಷರದಲ್ಲಿ ಮುಗಿದಿದೆ. ಕಾಗದದಲ್ಲಿ ಇಲ್ಲದ ಕಾಯಿಲೆಗೆ ಔಷಧಿ, ವೈದ್ಯರು ಬೇಕೆಂದು ಕೇಳುವುದು ಹೇಗೆ?

ಕೊನೆಯ ಕಾಯಿಲೆಗೆ ಚಿಕಿತ್ಸೆ ಕೊಟ್ಟ ವೈದ್ಯರು ಸಾವಿನ ಕಾರಣದ ಪ್ರಮಾಣಪತ್ರವನ್ನು ಶುಲ್ಕವಿಲ್ಲದೆ ಕೊಡಬೇಕೆಂದು 1969ರ ಜನನ–ಮರಣ ನೋಂದಣಿ ಕಾಯ್ದೆಯಲ್ಲೇ ಇದೆ. ಕೇಳಿ ಪಡೆಯಿರಿ. ವೈದ್ಯರೇ ನೋಡಿರದಿದ್ದರೆ ಎದೆ ಹಿಡಿಯಿತೋ, ಬಾಯಿ ಸೊಟ್ಟಗಾಯಿತೋ, ಬರೆದುಕೊಳ್ಳುವವರಿಗೆ ಬಿಡಿಸಿ ಹೇಳಿ. ಮೂವತ್ತು ದಾಟಿದವರು ಬಿಪಿ, ಶುಗರ್ ನೋಡಿಸಿಕೊಳ್ಳಿ. ಎದೆ ಉರಿದರೆ ಸೋಡಾ ಅಂಗಡಿ ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ನಡೆಯಿರಿ.