ಆ ತಲೆಯಿಂದ ಕೈ ತೆಗೆಯಿರಿ

ಆರು ವರ್ಷದ ಮಗುವಿನ ತಲೆಯ ಮೇಲೆ ಯಂತ್ರ ಇಡಲು ಇವರಿಗೆ ಹೇಳಿದವರು ಯಾರು? ದೊಡ್ಡ ಊರುಗಳ ಕೆಲವು ಖಾಸಗಿ ಕ್ಲಿನಿಕ್ಕುಗಳ ಬೋರ್ಡಿನಲ್ಲಿ ಖಿನ್ನತೆ, ಮೈಗ್ರೇನ್‌ಗಳ ಸಾಲಿಗೆ ಈಗ ಆಟಿಸಂ ಕೂಡ ಬಂದು ಸೇರಿದೆ. ಟಿಎಂಎಸ್ ಎನ್ನುವ ಕಾಂತೀಯ ಯಂತ್ರದಿಂದ ಮಿದುಳನ್ನು ಪ್ರಚೋದಿಸುತ್ತಾರಂತೆ. ಔಷಧಿಯಿಲ್ಲ, ಕೊಯ್ಯುವುದಿಲ್ಲ, ನೋವಿಲ್ಲ, ಮಗು ಮಾತಾಡುತ್ತದೆ. ಎಲ್ಲ ಸೆಷನ್ನಿನ ದುಡ್ಡು ಒಟ್ಟಿಗೆ ಕಟ್ಟಿದರೆ ರಿಯಾಯಿತಿಯೂ ಉಂಟು.

ಅಂಥದೊಂದು ಕ್ಲಿನಿಕ್ಕಿನ ಬಣ್ಣದ ಕಾಗದವನ್ನು ಒಬ್ಬ ತಾಯಿ ನನ್ನ ಕೈಗಿಟ್ಟರು. ಮಗನ ಮಿದುಳಿನದೆಂದು ಕೊಟ್ಟ ಚಿತ್ರ. ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಹಸಿರು. ಕೆಂಪೆಲ್ಲ ಹಸಿರಾದರೆ ಹುಡುಗ ಸರಿಹೋಗುತ್ತಾನೆ ಎಂದಿದ್ದರಂತೆ. ಆಕೆ ಬಳೆ ಅಡವಿಟ್ಟಾಗಿತ್ತು. ಮಗನಿಗೆ ಮೊದಲು ಫಿಟ್ಸ್ ಬಂದಿತ್ತೇ ಎಂದು ಯಾರಾದರೂ ಕೇಳಿದರೇ ಎಂದೆ. ಯಾರೂ ಕೇಳಿರಲಿಲ್ಲ.

ಆ ಒಂದು ಪ್ರಶ್ನೆಯನ್ನೂ ಕೇಳದವರ ಮೇಲೆ ನನಗೆ ಸಿಟ್ಟಿದೆ. ಆಟಿಸಂ ಇರುವವರಲ್ಲಿ ಅಪಸ್ಮಾರ ಬೇರೆಯವರಿಗಿಂತ ಎಷ್ಟೋ ಪಾಲು ಹೆಚ್ಚು. ಟಿಎಂಎಸ್‌ನಿಂದ ಫಿಟ್ಸ್ ಬರುವುದು ಅಪರೂಪ, ಆದರೆ ಬರುತ್ತದೆ. ಎಂಟರ ಆಕಾರದ ತಂತಿಯ ಸುರುಳಿ ಅದು. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ ಎಂಆರ್‌ಐ ಯಂತ್ರದಷ್ಟೇ ಬಲದ, ಸುಮಾರು 1.5ರಿಂದ 2 ಟೆಸ್ಲಾದ ಕಾಂತಕ್ಷೇತ್ರ ತಲೆಬುರುಡೆ ದಾಟಿ ಒಳಗೆ ಹೋಗಿ ಮಿದುಳಿನ ಹೊರಪದರದಲ್ಲಿ ವಿದ್ಯುತ್ ಹರಿಸುತ್ತದೆ. ಮೊದಲು ಹೆಬ್ಬೆರಳು ತಾನಾಗಿ ಅದುರುವ ತನಕ ಬಲ ಏರಿಸಿ ಅಳತೆ ಹಿಡಿಯುತ್ತಾರೆ. ಆಮೇಲೆ ಸುರುಳಿಯನ್ನು ಬೇರೆ ಜಾಗಕ್ಕೆ ಸರಿಸಿ ನೂರಾರು ಬಡಿತ, ಕೆಲವೊಮ್ಮೆ ಸಾವಿರದ ಮೇಲೆ. ಪ್ರತಿ ಬಡಿತಕ್ಕೂ ನೆತ್ತಿಯ ಮೇಲೆ ಕುಟುಕಿದ ಹಾಗೆ ಆಗುತ್ತದೆ, ಕಿವಿಗೆ ಇಯರ್‌ಪ್ಲಗ್ ಇಡಬೇಕಾಗುವಷ್ಟು ಜೋರಾಗಿ ಟಕ್ ಎನ್ನುತ್ತದೆ. ಕುಕ್ಕರ್ ಸೀಟಿ ಹೊಡೆದರೆ ಎರಡೂ ಕಿವಿ ಮುಚ್ಚಿ ಮಂಚದ ಕೆಳಗೆ ಸೇರುವ ಮಗುವನ್ನು ಇದರ ಕೆಳಗೆ ಅಲುಗಾಡದೆ ಕೂರಿಸುವುದು ಹೇಗೆ? ಹಿಡಿದು ಕೂರಿಸುತ್ತಾರೆ. ಬೇಡ ಎನ್ನಲು ಅದಕ್ಕೆ ಮಾತಿಲ್ಲ, ಮೈ ಮಾತ್ರ ಇದೆ. ಮೈ ಕೊಸರಿದರೆ ಅದನ್ನೂ ರೋಗದ ಲಕ್ಷಣವೆಂದು ಬರೆದುಕೊಳ್ಳುತ್ತಾರೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿದ್ದು 2008ರಲ್ಲಿ, ಔಷಧಿಗೆ ಬಗ್ಗದ ದೊಡ್ಡವರ ಖಿನ್ನತೆಗೆ. 2018ರಲ್ಲಿ ಗೀಳು ಕಾಯಿಲೆಗೆ. ಆಟಿಸಂಗೆ ಕೊಟ್ಟಿಲ್ಲ. ಆಸ್ಟ್ರೇಲಿಯಾದಲ್ಲಿ ಹಲವು ಕೇಂದ್ರಗಳು ಸೇರಿ, ಕೆಲವರಿಗೆ ನಿಜವಾದ ಸುರುಳಿ, ಉಳಿದವರಿಗೆ ನಕಲಿ ಸುರುಳಿ ಇಟ್ಟು ಹೋಲಿಸುವ ಪ್ರಯೋಗಕ್ಕೆ ಇಳಿದಾಗ 14 ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಿಕೊಳ್ಳಲಿಲ್ಲ. ಅಲ್ಲಿನ ವಿಜ್ಞಾನಿಗಳು ಇನ್ನೂ ಕೇಳುತ್ತಿರುವ ಪ್ರಶ್ನೆಗೆ ಇಲ್ಲಿ ಉತ್ತರವನ್ನು ಪ್ಯಾಕೇಜ್ ಮಾಡಿ ಮಾರುತ್ತಿದ್ದಾರೆ.

ಇಂಥ ಮಕ್ಕಳ ಮೇಲೆ ಕರೆಂಟು ಹಾಯಿಸುವುದು ಹೊಸತಲ್ಲ. 1940ರ ದಶಕದಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಲಾರೆಟಾ ಬೆಂಡರ್ ಎಂಬ ಹೆಸರಾಂತ ಮನೋವೈದ್ಯೆ ಹನ್ನೆರಡರೊಳಗಿನ 98 ಮಕ್ಕಳ ತಲೆಗೆ ಶಾಕ್ ಕೊಟ್ಟರು. ಬಾಲ್ಯದ ಸ್ಕಿಜೋಫ್ರೇನಿಯಾ ಎಂದು ಬರೆದಿದ್ದ ಆ ಮಕ್ಕಳಲ್ಲಿ ಎಷ್ಟೋ ಮಂದಿಗೆ ಇವತ್ತಾಗಿದ್ದರೆ ಆಟಿಸಂ ಎನ್ನುತ್ತಿದ್ದರು. ಹೆಚ್ಚುಕಡಿಮೆ ಎಲ್ಲರೂ ಸುಧಾರಿಸಿದರೆಂದು 1947ರಲ್ಲಿ ಅವರೇ ವರದಿ ಮಾಡಿದರು. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮನೋವಿಜ್ಞಾನಿ ಐವಾರ್ ಲೋವಾಸ್ ಐದು ವರ್ಷದ ಅವಳಿ ಮಕ್ಕಳನ್ನು ಬರಿಗಾಲಲ್ಲಿ ನಿಲ್ಲಿಸಿ ನೆಲಕ್ಕೆ ಕರೆಂಟು ಬಿಟ್ಟರು. ಮಕ್ಕಳು ದೊಡ್ಡವರ ತೋಳಿಗೆ ಓಡಿ ಬರಲಿ ಎಂದು. ಓಡಿ ಬಂದರು. ಅದನ್ನು ವಾತ್ಸಲ್ಯ ಎಂದು ಬರೆದುಕೊಂಡರು!

ಮ್ಯಾಸಚೂಸೆಟ್ಸಿನ ಕ್ಯಾಂಟನ್ ಎಂಬ ಊರಿನಲ್ಲಿ ಜಡ್ಜ್ ರೋಟೆನ್‌ಬರ್ಗ್ ಸೆಂಟರ್ ಎಂಬ ವಸತಿ ಶಾಲೆಯಿದೆ. ಅಲ್ಲಿ ಆಟಿಸಂ ಇರುವವರ ಬೆನ್ನಿಗೆ ಬ್ಯಾಟರಿಯ ಚೀಲ, ಕೈಕಾಲಿಗೆ ತಂತಿ, ಸಿಬ್ಬಂದಿಯ ಕೈಯಲ್ಲಿ ರಿಮೋಟ್. 2002ರಲ್ಲಿ ಹದಿನೆಂಟರ ಹುಡುಗನೊಬ್ಬ ಕೋಟು ಬಿಚ್ಚು ಎಂದರೆ ಬಿಚ್ಚಲಿಲ್ಲ. ಶಾಕ್ ಕೊಟ್ಟರು. ಕಿರುಚಿದ. ಕಿರುಚಿದ್ದಕ್ಕೆ ಮತ್ತೆ ಕೊಟ್ಟರು. ಮೈ ಬಿಗಿ ಮಾಡಿದ್ದಕ್ಕೆ ಮತ್ತೆ. ಬೋರಲಾಗಿ ಹಲಗೆಗೆ ಕಟ್ಟಿಹಾಕಿ ಏಳು ಗಂಟೆಯಲ್ಲಿ 31 ಬಾರಿ. ಆ ದೃಶ್ಯ ಹೊರಗಿನವರ ಕಣ್ಣಿಗೆ ಬಿದ್ದಿದ್ದು ಹತ್ತು ವರ್ಷವಾದ ಮೇಲೆ, ಕೋರ್ಟಿನಲ್ಲಿ. 2007ರಲ್ಲಿ ಯಾರೋ ಒಬ್ಬ ತಾನು ಮೇಲಧಿಕಾರಿ ಎಂದು ಸುಳ್ಳು ಹೇಳಿ ಫೋನು ಮಾಡಿದ. ಸಿಬ್ಬಂದಿ ನಿದ್ದೆಯಲ್ಲಿದ್ದ ಹುಡುಗರನ್ನು ಎಬ್ಬಿಸಿ ಒಬ್ಬನಿಗೆ 77, ಇನ್ನೊಬ್ಬನಿಗೆ 29 ಶಾಕ್ ಕೊಟ್ಟರು. ಯಾಕೆ ಎಂದು ಕೇಳುವ ಅಭ್ಯಾಸವೇ ಆ ಕಟ್ಟಡದಲ್ಲಿ ಸತ್ತುಹೋಗಿತ್ತು. ಆ ರಾತ್ರಿಯ ವಿಡಿಯೋ ನಾಶವಾದ ಪ್ರಕರಣದಲ್ಲೇ ಸಂಸ್ಥಾಪಕ ಮ್ಯಾಥ್ಯೂ ಇಸ್ರೇಲ್ 2011ರಲ್ಲಿ ಹುದ್ದೆ ಬಿಡಬೇಕಾಯಿತು. ಎಫ್‌ಡಿಎ 2020ರಲ್ಲಿ ಆ ಸಾಧನವನ್ನು ನಿಷೇಧಿಸಿದರೆ 2021ರಲ್ಲಿ ಕೋರ್ಟು ನಿಷೇಧ ರದ್ದು ಮಾಡಿತು. ಅಮೆರಿಕದ ಸಂಸತ್ತು ಕಾನೂನು ತಿದ್ದಿದ ಮೇಲೆ 2024ರಲ್ಲಿ ಮತ್ತೆ ಹೊಸದಾಗಿ ನಿಷೇಧದ ಪ್ರಸ್ತಾವ.

ಕ್ಯಾಂಟನ್ನಿನದು ಚರ್ಮಕ್ಕೆ ಕೊಡುವ ಶಿಕ್ಷೆ, ಟಿಎಂಎಸ್ ಹಾಗಲ್ಲ ಎಂದು ವೈದ್ಯರು ಹೇಳುತ್ತಾರೆ. ಒಪ್ಪಿದೆ. ಯಂತ್ರ ಬೇರೆ, ಉದ್ದೇಶ ಬೇರೆ. ಆದರೆ ಬೆಲ್‌ವ್ಯೂನಿಂದ ಈ ಬಣ್ಣದ ಕಾಗದದ ತನಕ ಒಂದು ಮಾತು ಬದಲಾಗಿಲ್ಲ: ಮಗುವನ್ನು ಯಾರೂ ಕೇಳಲಿಲ್ಲ. ಮಗು ಸುಮ್ಮನಾದರೆ ಗುಣವಾಯಿತು ಎಂದರು. ಗುಣವಾಯಿತೋ ಇಲ್ಲವೋ ಎಂದು ಹೇಳುವವರು ಯಂತ್ರದ ಒಡೆಯರೇ.

ಜಾನ್ ಎಲ್ಡರ್ ರಾಬಿಸನ್ ಎಂಬ ಲೇಖಕ, ಸ್ವತಃ ಆಟಿಸಂ ಇರುವವರು, 2008ರಲ್ಲಿ ಬಾಸ್ಟನ್ನಿನ ಸಂಶೋಧಕರ ಟಿಎಂಎಸ್ ಪ್ರಯೋಗಕ್ಕೆ ಒಪ್ಪಿ ಕೂತರು. ಅವರಿಗಾಗ ಐವತ್ತು. ಎದುರಿಗಿರುವವರ ಭಾವನೆಗಳು ಇದ್ದಕ್ಕಿದ್ದಂತೆ ತಮ್ಮೊಳಗೆ ನುಗ್ಗಿ ಬಂದವೆಂದು 2016ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಸಂತೋಷವಾಯಿತು, ಜೊತೆಗೆ ಹಳೆಯ ನೆನಪುಗಳು ಕಹಿಯಾದವು, ಮದುವೆ ಮುರಿಯಿತು. ಓದು ಬರಹ ಬಲ್ಲ, ಒಪ್ಪಿಗೆಗೆ ಸಹಿ ಹಾಕಿದ ದೊಡ್ಡ ಮನುಷ್ಯನ ಬದುಕೇ ಅಲುಗಾಡಿತು. ಒಳಗೆ ಏನಾಗುತ್ತಿದೆ ಎಂದು ಹೇಳಲು ಬಾರದ ಆರರ ಮಗುವಿಗೆ ಏನಾದರೂ ಆದರೆ ನಿಮಗೆ ತಿಳಿಯುವುದು ಹೇಗೆ? ತಿಳಿಯಬೇಕೆಂಬ ಆಸೆಯಾದರೂ ಇದೆಯೇ?

ಎಷ್ಟೋ ಮಕ್ಕಳಿಗೆ ಫಲ ಸಿಕ್ಕಿದೆ, ತಂದೆತಾಯಿಯೇ ಹೇಳುತ್ತಾರೆ ಎಂಬ ಉತ್ತರ ಸಿದ್ಧವಾಗಿರುತ್ತದೆ. 1990ರ ದಶಕದ ಕೊನೆಯಲ್ಲಿ ಸೀಕ್ರೆಟಿನ್ ಎಂಬ ಹಾರ್ಮೋನಿನ ಸೂಜಿಮದ್ದಿಗೆ ಅಮೆರಿಕದ ಪೋಷಕರು ಹೀಗೆಯೇ ಮುಗಿಬಿದ್ದಿದ್ದರು. 1999ರಲ್ಲಿ ಪರೀಕ್ಷಿಸಿ ನೋಡಿದರೆ ಹಾರ್ಮೋನು ಪಡೆದವರೂ ಬರೀ ಉಪ್ಪುನೀರು ಪಡೆದವರೂ ಒಂದೇ ಸಮ ಸುಧಾರಿಸಿದ್ದರು. ಫಲಿತಾಂಶ ತಿಳಿಸಿದ ಮೇಲೂ ಹೆಚ್ಚಿನ ಪೋಷಕರು ಆ ಮದ್ದು ಬೇಕೆಂದರು. ಹೆತ್ತ ಕರುಳು ಹಾಗೆಯೇ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಆ ಕರುಳನ್ನು ದರಪಟ್ಟಿಗೆ ಕಟ್ಟುವವರನ್ನು ನಾನು ಕ್ಷಮಿಸಲಾರೆ.

ಬಳೆ ಅಡವಿಟ್ಟ ತಾಯಿಯ ತಾಲ್ಲೂಕಿನಲ್ಲಿ ಸ್ಪೀಚ್ ಥೆರಪಿಸ್ಟ್ ಇಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಬೇಕಾದರೆ ರಾತ್ರಿ ಬಸ್ಸು, ಒಂದು ದಿನದ ಕೂಲಿ ನಷ್ಟ. ಶಾಲೆಯಲ್ಲಿ ಕೂರಿಸಿಕೊಳ್ಳುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಹೆಸರಿದೆ. ಆ ಹುಡುಗನ ಪಾಲಿಗೆ ಅದು ಕಾಗದದಲ್ಲೇ ಉಳಿದಿದೆ. ಸರ್ಕಾರ ಬಿಟ್ಟ ಜಾಗದಲ್ಲೇ ಈ ಅಂಗಡಿಗಳು ಬಾಗಿಲು ತೆರೆದಿವೆ. ಎರಡು ಮೂರು ವರ್ಷ ನಿಧಾನವಾಗಿ ಮಾತು, ಸನ್ನೆ, ಚಿತ್ರ ಕಲಿಸಲು ಆಗುತ್ತಿದ್ದ ದುಡ್ಡು ಎರಡು ತಿಂಗಳಲ್ಲಿ ಹೋಗುತ್ತದೆ. ದುಡ್ಡು ಹೋದರೆ ದುಡಿಯಬಹುದು. ಕಲಿಯುವ ವಯಸ್ಸು ಹೋದರೆ ತರುವುದು ಎಲ್ಲಿಂದ?

ಸಂಶೋಧನೆ ಬೇಡ ಎನ್ನುತ್ತಿಲ್ಲ. ಮಾಡಿ. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ನಕಲಿ ಸುರುಳಿಯ ಜೊತೆ ಹೋಲಿಸಿ, ಆಟಿಸಂ ಇರುವ ದೊಡ್ಡವರನ್ನು ಮೊದಲು ಕೇಳಿ, ಒಂದು ಪೈಸೆ ತೆಗೆದುಕೊಳ್ಳದೆ ಮಾಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುವುದೂ ಪ್ರಯೋಗದ ಖರ್ಚನ್ನು ಪ್ರಯೋಗಕ್ಕೆ ಕೂತವರ ತಲೆಗೆ ಕಟ್ಟಬಾರದೆಂದೇ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಮಾರುತ್ತಿದ್ದಾಗ ಅದನ್ನು ಶಿಫಾರಸು ಮಾಡುವುದಿಲ್ಲ ಎಂದು 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿತು. ಅಷ್ಟೇ ಸ್ಪಷ್ಟವಾಗಿ ಇದಕ್ಕೂ ಹೇಳಲಿ.

ಕರ್ನಾಟಕದಲ್ಲಿ ಆಯೋಗದ ಪತ್ರಕ್ಕೆ ಕಾಯಬೇಕಾಗಿಯೂ ಇಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಕೆಪಿಎಂಇ, 2007ರಿಂದ ಇದೆ. ಅದರಡಿ ಪ್ರತಿ ಜಿಲ್ಲೆಯಲ್ಲೂ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ, ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಆಟಿಸಂ ಎಂದು ಬೋರ್ಡು ಹಾಕಿ ಟಿಎಂಎಸ್ ಮಾರುವ ಪ್ರತಿ ಕ್ಲಿನಿಕ್ಕಿಗೂ ಅವರು ಈ ತಿಂಗಳೇ ಹೋಗಲಿ. ಎಷ್ಟು ಮಕ್ಕಳಿಗೆ ಇಟ್ಟಿರಿ, ಚಿಕ್ಕ ಮಗುವಿನ ವಯಸ್ಸೆಷ್ಟು, ಯಾರಿಗೆ ಫಿಟ್ಸ್ ಬಂತು, ಸಮ್ಮತಿ ಪತ್ರ ತಾಯಿಗೆ ಓದಲು ಬರುವ ಕನ್ನಡದಲ್ಲಿತ್ತೇ ಎಂದು ಕಡತ ತೆಗೆಸಿ ನೋಡಲಿ. ಕಡತ ಇಲ್ಲದಿದ್ದರೆ ಬಾಗಿಲು ಹಾಕಿಸಲಿ, ಕಟ್ಟಿಸಿಕೊಂಡ ದುಡ್ಡನ್ನು ಆ ಮನೆಗಳಿಗೆ ವಾಪಸು ಕೊಡಿಸಲಿ.